ಹೋಟೆಲಿನ ಮೇಜಿನಿಂದ ಮತಪೆಟ್ಟಿಗೆಯ ತನಕ

ಕುಂದಾಪುರದಿಂದ ಬೈಂದೂರಿನ ಕಡೆಗೆ ಹೆದ್ದಾರಿಯಲ್ಲಿ ಸಾಗಿದರೆ ಸಿಗುವ ಊರು ಕಿರಿಮಂಜೇಶ್ವರ. ಇಲ್ಲಾಗಲಿ, ಅಕ್ಕಪಕ್ಕದ ನಾಗೂರು, ಉಪ್ಪುಂದ, ಮರವಂತೆಗಳಲ್ಲಾಗಲಿ ಮುಂಬಯಿಯ ಸಂಬಂಧವೇ ಇಲ್ಲದ ಮನೆ ಅಪರೂಪ. ಅಜ್ಜನೋ, ಮಾವನೋ, ಅಣ್ಣನೋ ಆ ನಗರದ ಹೋಟೆಲೊಂದರಲ್ಲಿ ದುಡಿದಿರುತ್ತಾರೆ. ಅಲ್ಲಿಂದ ಬಂದ ಮನಿಯಾರ್ಡರಿನಿಂದ ತಂಗಿಯ ಮದುವೆ ನಡೆದಿದೆ, ಹುಲ್ಲಿನ ಮಾಡು ಹೋಗಿ ಹಂಚಿನ ಮಾಡು ಬಂದಿದೆ, ತಮ್ಮಂದಿರು ಹೈಸ್ಕೂಲು ಮುಗಿಸಿದ್ದಾರೆ.

ಕರಾವಳಿಯ ಹುಡುಗರು ಮುಂಬಯಿಗೆ ಕೊಟ್ಟ ದುಡಿಮೆಯ ಕಥೆ ಎಲ್ಲರಿಗೂ ಗೊತ್ತು. ಆದರೆ ಆ ನಗರದ ರಾಜಕೀಯದಲ್ಲಿ ಅವರಿಗೆ ಯಾವ ಸ್ಥಾನವಿತ್ತು? ಹೋಟೆಲಿನಲ್ಲಿ ತಟ್ಟೆ ಎತ್ತುವವನ ಮಾತಿಗೆ ಚುನಾವಣೆಯಲ್ಲಿ ಏನಾದರೂ ಬೆಲೆಯಿತ್ತೇ? ಪಿಯುಸಿ ಮುಗಿಸಿ ಬೆಂಗಳೂರು, ಮುಂಬಯಿಗಳತ್ತ ಮುಖ ಮಾಡುವ ಇಂದಿನ ವಿದ್ಯಾರ್ಥಿಗಳೂ ಅವರ ಪಾಲಕರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಇದಕ್ಕೆ ಉತ್ತರ ಹುಡುಕಲು 1967ರ ಮುಂಬಯಿಗೆ ಹೋಗಬೇಕು.

ಊರು ಬಿಟ್ಟವರು

ಭೂಸುಧಾರಣೆಯ ಕಾನೂನು ಕರ್ನಾಟಕದಲ್ಲಿ ಬಿಗಿಯಾಗಿ ಜಾರಿಗೆ ಬಂದದ್ದು 1974ರ ತಿದ್ದುಪಡಿಯ ನಂತರ. ಅದಕ್ಕೂ ಮುಂಚೆ ಕುಂದಾಪುರ ತಾಲೂಕಿನ ಬಹಳಷ್ಟು ಕುಟುಂಬಗಳು ಚಾಲಗೇಣಿಯ ಒಕ್ಕಲುಗಳಾಗಿದ್ದವು. ಬೆಳೆದ ಅಕ್ಕಿಯಲ್ಲಿ ಧಣಿಯ ಗೇಣಿ ಅಳೆದ ಮೇಲೆ ಉಳಿಯುತ್ತಿದ್ದುದು ಮಳೆಗಾಲ ದಾಟಲು ಸಾಲುತ್ತಿರಲಿಲ್ಲ. ಮನೆಯಲ್ಲಿ ಒಂದು ಬಾಯಿ ಕಡಿಮೆಯಾದರೂ ಸಾಕು ಎಂದು ಹತ್ತು, ಹನ್ನೆರಡು ವರ್ಷದ ಮಕ್ಕಳನ್ನು ಪರಿಚಿತರ ಜೊತೆ ಕಳಿಸಿಕೊಟ್ಟ ತಂದೆತಾಯಿಯರಿಗೆ ಲೆಕ್ಕವಿಲ್ಲ.

ಹೋಟೆಲು ಸೇರಿದ ಹುಡುಗನ ಹೆಸರು ‘ಮಾಣಿ’. ಬೆಳಕು ಹರಿಯುವ ಮುಂಚೆ ಏಳಬೇಕು, ಕಪ್ಪುಬಸಿ ತೊಳೆಯಬೇಕು, ಮೇಜು ಒರೆಸಬೇಕು. ರಾತ್ರಿ ಬಾಗಿಲು ಹಾಕಿದ ಮೇಲೆ ಅದೇ ಮೇಜುಗಳನ್ನು ಜೋಡಿಸಿ ಮಲಗಬೇಕು. ಊಟ, ವಸತಿ ಅಲ್ಲೇ ಆದ್ದರಿಂದ ಕೆಲಸದ ಹೊತ್ತು ಯಾವುದು, ಬಿಡುವಿನ ಹೊತ್ತು ಯಾವುದು ಎಂಬ ಗೆರೆಯೇ ಇರಲಿಲ್ಲ. ಫೋರ್ಟ್ ಮುಂತಾದ ಕಡೆ ಕನ್ನಡಿಗರ ಸಂಘಗಳು ನಡೆಸಿದ ರಾತ್ರಿ ಶಾಲೆಗಳು ಈ ಮಕ್ಕಳಲ್ಲಿ ಅನೇಕರಿಗೆ ಅಕ್ಷರ ಕೊಟ್ಟವು. ಹಾಗೆ ಓದಿ ಬ್ಯಾಂಕು, ಕಚೇರಿ ಸೇರಿದವರೂ, ಸ್ವಂತ ಹೋಟೆಲು ತೆರೆದವರೂ ಇದ್ದಾರೆ. ಆದರೆ ಎಲ್ಲರಿಗೂ ಆ ಭಾಗ್ಯ ಒದಗಲಿಲ್ಲ.

ಎತ್ತರದ ಮೇಜು, ತಗ್ಗಿನ ಮೇಜು

ಜಾರ್ಜ್ ಫರ್ನಾಂಡಿಸ್ ಹುಟ್ಟಿದ್ದು 1930ರ ಜೂನ್ 3ರಂದು, ಮಂಗಳೂರಿನಲ್ಲಿ. ಮನೆಯ ಆರು ಮಕ್ಕಳಲ್ಲಿ ಹಿರಿಯ. ಮಗ ಪಾದ್ರಿಯಾಗಲೆಂದು 16ನೇ ವಯಸ್ಸಿನಲ್ಲಿ ಬೆಂಗಳೂರಿನ ಸೇಂಟ್ ಪೀಟರ್ಸ್ ಸೆಮಿನರಿಗೆ ಕಳಿಸಿದರು. ಅಲ್ಲಿ ಗುರುಗಳು ಎತ್ತರದ ಮೇಜಿನಲ್ಲಿ ಕುಳಿತು ಒಳ್ಳೆಯ ಊಟ ಮಾಡುತ್ತಿದ್ದರು, ವಿದ್ಯಾರ್ಥಿಗಳ ಮೇಜೂ ಊಟವೂ ಬೇರೆಯಾಗಿದ್ದವು. ಬೋಧನೆಗೂ ಆಚರಣೆಗೂ ಇರುವ ಈ ಅಂತರ ತಮ್ಮನ್ನು ಕೆಣಕಿತೆಂದು ಫರ್ನಾಂಡಿಸ್ ಮುಂದೆ ಹೇಳಿಕೊಂಡಿದ್ದಾರೆ. ಎರಡೂವರೆ ವರ್ಷದಲ್ಲಿ ಸೆಮಿನರಿ ಬಿಟ್ಟು ಬಂದು, 19ನೇ ವಯಸ್ಸಿಗೆ ಮಂಗಳೂರಿನ ಬಸ್ಸು ಮತ್ತು ಹೋಟೆಲು ಕಾರ್ಮಿಕರ ಸಂಘಟನೆಗೆ ಇಳಿದರು.

1950ರ ಸುಮಾರಿಗೆ ಅವರು ಮುಂಬಯಿಗೆ ಹೋದರು. ಮೊದಲಿಗೆ ಮಲಗಲು ಜಾಗವಿಲ್ಲ. ಚೌಪಾಟಿಯ ಬೆಂಚಿನಲ್ಲಿ ಮಲಗಿದರೆ ನಡುರಾತ್ರಿ ಪೊಲೀಸರು ಬಂದು ಎಬ್ಬಿಸುತ್ತಿದ್ದರು. ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿತು. ಬಂದರು ಕಾರ್ಮಿಕರ ನಾಯಕ ಪಿ. ಡಿಮೆಲ್ಲೊ ಅವರ ಒಡನಾಟ ದೊರೆಯಿತು. ಡಿಮೆಲ್ಲೊ ಕೂಡ ಕರಾವಳಿಯಿಂದ ಹೋದವರೇ. 1958ರಲ್ಲಿ ತೀರಿಕೊಂಡ ಅವರ ಹೆಸರನ್ನು ಮುಂಬಯಿ ಬಂದರಿನ ಪಕ್ಕದ ರಸ್ತೆ ಹೊತ್ತುಕೊಂಡಿದೆ.

ಆ ಕಾಲದ ಮುಂಬಯಿಯ ಎಡಪಂಥದಲ್ಲಿ ಎರಡು ಪ್ರಮುಖ ಕವಲುಗಳಿದ್ದವು. ಬಟ್ಟೆ ಗಿರಣಿಗಳಲ್ಲಿ ಕಮ್ಯುನಿಸ್ಟರ ಬಲವಿತ್ತು. 1957ರಲ್ಲಿ ಎಸ್.ಎ. ಡಾಂಗೆ ನಗರದಿಂದ ಲೋಕಸಭೆಗೆ ಗೆದ್ದದ್ದು ಈ ಬಲದ ಜೊತೆಗೆ ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಬಲವೂ ಸೇರಿದ್ದರಿಂದ. ಇನ್ನೊಂದು ಕವಲು ರಾಮಮನೋಹರ ಲೋಹಿಯಾ ಅವರ ದಾರಿಯ ಸಮಾಜವಾದಿಗಳದ್ದು. ಫರ್ನಾಂಡಿಸ್ ಈ ಕಡೆಯವರು. ಗಿರಣಿಯಂಥ ದೊಡ್ಡ ಕಾರ್ಖಾನೆಗಳ ಹೊರಗೆ ಚದುರಿಹೋಗಿದ್ದ ಹೋಟೆಲು ನೌಕರರು, ಟ್ಯಾಕ್ಸಿ ಚಾಲಕರು, ಪೌರ ನೌಕರರನ್ನು ಅವರು ಸಂಘಟಿಸಿದರು. ಕೊಂಕಣಿ, ತುಳು, ಕನ್ನಡ, ಮರಾಠಿ, ಹಿಂದಿ ಎಲ್ಲ ಬಲ್ಲ ನಾಯಕನಿಗೆ ಆಯಾ ಕಾರ್ಮಿಕರ ಜೊತೆ ಅವರವರ ನುಡಿಯಲ್ಲೇ ಮಾತನಾಡಲು ಸಾಧ್ಯವಾಯಿತು.

ಮೊದಲ ಮೆಟ್ಟಿಲು

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶವೊಂದಿದೆ. ಫರ್ನಾಂಡಿಸ್ ನೇರವಾಗಿ ಲೋಕಸಭೆಗೆ ಹಾರಲಿಲ್ಲ. 1961ರಲ್ಲಿ ಮುಂಬಯಿ ನಗರಪಾಲಿಕೆಯ ಸದಸ್ಯರಾದರು. ನಲ್ಲಿಯ ನೀರು, ಚರಂಡಿ, ಕಸ, ಆಸ್ಪತ್ರೆ ಇವೇ ಅಲ್ಲಿನ ವಿಷಯಗಳು. ಅದೇ 1961ರಲ್ಲಿ ಪಾಲಿಕೆ ಪ್ರವೇಶಿಸಿದ ಇನ್ನೊಬ್ಬ ಸಮಾಜವಾದಿ ಮೃಣಾಲ್ ಗೋರೆ. ಗೋರೆಗಾಂವಿನ ಬಡ ಬಸ್ತಿಗಳ ನೀರಿಗಾಗಿ ಹೋರಾಡಿದ ಅವರನ್ನು ಜನ ‘ಪಾನಿವಾಲಿ ಬಾಯಿ’ ಎಂದೇ ಕರೆದರು. 1972ರ ಬೆಲೆಯೇರಿಕೆಯ ಕಾಲದಲ್ಲಿ ಅವರೂ ಕಮ್ಯುನಿಸ್ಟ್ ನಾಯಕಿ ಅಹಿಲ್ಯಾ ರಾಂಗ್ಣೇಕರರೂ ಗೃಹಿಣಿಯರ ಕೈಗೆ ಲಟ್ಟಣಿಗೆ ಕೊಟ್ಟು ಬೀದಿಗಿಳಿಸಿದರು. 1977ರಲ್ಲಿ ಇಬ್ಬರೂ ಮುಂಬಯಿಯಿಂದ ಲೋಕಸಭೆಗೆ ಆರಿಸಿಬಂದರು.

ಸಂಘದ ಸದಸ್ಯ ಕೇಳುವುದು ಕೂಲಿ. ಅವನೇ ಮನೆಗೆ ಹೋದಾಗ ಕೇಳುವುದು ನೀರು. ಎರಡನ್ನೂ ಕೇಳಿಸಿಕೊಂಡವರಿಗೆ ಮಾತ್ರ ನಗರದಲ್ಲಿ ಮತ ಸಿಕ್ಕಿತು.

1967ರ ಚುನಾವಣೆಯಲ್ಲಿ ಸಂಯುಕ್ತ ಸಮಾಜವಾದಿ ಪಕ್ಷ ಫರ್ನಾಂಡಿಸರನ್ನು ದಕ್ಷಿಣ ಮುಂಬಯಿಯಲ್ಲಿ ನಿಲ್ಲಿಸಿತು. ಎದುರಾಳಿ ಎಸ್.ಕೆ. ಪಾಟೀಲ್. ಮೂರು ಬಾರಿ ಮುಂಬಯಿಯ ಮೇಯರ್, ಕೇಂದ್ರದ ರೈಲ್ವೆ ಮಂತ್ರಿ, ನಗರದ ಕಿರೀಟವಿಲ್ಲದ ದೊರೆ ಎನಿಸಿಕೊಂಡವರು. ಅವರು ಸೋಲಬಹುದೆಂಬ ಯೋಚನೆಯೇ ಜನರಿಗಿರಲಿಲ್ಲ. ‘ಪಾಟೀಲರನ್ನು ನೀವು ಸೋಲಿಸಬಲ್ಲಿರಿ’ ಎಂಬ ಅರ್ಥದ ಒಂದೇ ಸಂದೇಶವನ್ನು ಫರ್ನಾಂಡಿಸರ ಕಡೆಯವರು ಗೋಡೆಗೋಡೆಗೆ ಅಂಟಿಸಿದರು. ಬರಗಾಲ, ಆಹಾರದ ಕೊರತೆ, ಬೆಲೆಯೇರಿಕೆಗಳಿಂದ ದೇಶದಲ್ಲೇ ಅಂದು ಕಾಂಗ್ರೆಸ್ಸಿನ ವಿರುದ್ಧ ಗಾಳಿ ಬೀಸಿತ್ತು. 36 ವರ್ಷದ ಫರ್ನಾಂಡಿಸ್ ಗೆದ್ದರು. ‘ಜಾಯಂಟ್ ಕಿಲ್ಲರ್’ ಎಂಬ ಬಿರುದು ಕೊನೆಯ ತನಕ ಅವರ ಹೆಸರಿಗೆ ಅಂಟಿಕೊಂಡಿತು.

ಮುಷ್ಕರದ ಲೆಕ್ಕ, ಮತದ ಲೆಕ್ಕ

ಆದರೆ ನಾಲ್ಕೇ ವರ್ಷದಲ್ಲಿ, 1971ರಲ್ಲಿ, ಫರ್ನಾಂಡಿಸ್ ಅದೇ ಕ್ಷೇತ್ರದಲ್ಲಿ ಸೋತರು. ಅಷ್ಟರಲ್ಲಿ ದೇಶದಲ್ಲಿ ಇಂದಿರಾ ಗಾಂಧಿಯವರ ಅಲೆ ಎದ್ದಿತ್ತು. ಮುಂಬಯಿಯಲ್ಲಿ ಇನ್ನೊಂದು ಬದಲಾವಣೆಯೂ ಆಗಿತ್ತು. 1966ರಲ್ಲಿ ಹುಟ್ಟಿದ ಶಿವಸೇನೆ ಮರಾಠಿಗರ ಕೆಲಸವನ್ನು ದಕ್ಷಿಣದವರು ಕಸಿಯುತ್ತಿದ್ದಾರೆಂದು ಪ್ರಚಾರ ಮಾಡಿತು. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದವು. ನಿನ್ನೆಯ ತನಕ ಒಂದೇ ಸಂಘದ ಬಾವುಟ ಹಿಡಿದಿದ್ದವರನ್ನು ಭಾಷೆಯ ಹೆಸರಿನಲ್ಲಿ ಬೇರೆ ಮಾಡುವುದು ಸಾಧ್ಯವಾಯಿತು. ಗಿರಣಿಗಳ ಪ್ರದೇಶವಾದ ಪರೇಲ್‌ನ ಕಮ್ಯುನಿಸ್ಟ್ ಶಾಸಕ ಕೃಷ್ಣ ದೇಸಾಯಿ 1970ರ ಜೂನ್‌ನಲ್ಲಿ ಕೊಲೆಯಾದರು. ಆ ಸ್ಥಾನಕ್ಕೆ ನಡೆದ ಉಪಚುನಾವಣೆಯಲ್ಲಿ ಅವರ ಪತ್ನಿಯನ್ನು ಸೋಲಿಸಿ ಶಿವಸೇನೆ ತನ್ನ ಮೊದಲ ಶಾಸಕನನ್ನು ಗೆಲ್ಲಿಸಿಕೊಂಡಿತು.

ಮುಷ್ಕರದ ಲೆಕ್ಕವೂ ಮತದ ಲೆಕ್ಕವೂ ಒಂದೇ ಅಲ್ಲ ಎಂಬುದಕ್ಕೆ ಮುಂದಿನ ವರ್ಷಗಳು ಮತ್ತಷ್ಟು ಸಾಕ್ಷಿ ಒದಗಿಸಿದವು. 1974ರ ಮೇ 8ರಂದು ಫರ್ನಾಂಡಿಸರ ನಾಯಕತ್ವದಲ್ಲಿ ರೈಲ್ವೆ ಮುಷ್ಕರ ಆರಂಭವಾಯಿತು. ಸಾವಿರಾರು ನೌಕರರು ಬಂಧನಕ್ಕೊಳಗಾದರು, ಕೆಲಸ ಕಳೆದುಕೊಂಡರು. 20 ದಿನದಲ್ಲಿ ಮುಷ್ಕರ ಮುರಿಯಿತು. ತುರ್ತು ಪರಿಸ್ಥಿತಿಯಲ್ಲಿ ಬರೋಡ ಡೈನಮೈಟ್ ಮೊಕದ್ದಮೆಯ ಆರೋಪಿಯಾಗಿ ಫರ್ನಾಂಡಿಸ್ ಜೈಲು ಸೇರಿದರು. 1977ರಲ್ಲಿ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫರ್‌ಪುರದಿಂದ ಭಾರಿ ಬಹುಮತದಲ್ಲಿ ಗೆದ್ದರು. ಮುಷ್ಕರದಲ್ಲಿ ಕೆಲಸ ಕಳೆದುಕೊಂಡಿದ್ದ ರೈಲ್ವೆ ನೌಕರರನ್ನು ಜನತಾ ಸರಕಾರದ ಮಂತ್ರಿ ಮಧು ದಂಡವತೆ ಮರಳಿ ತೆಗೆದುಕೊಂಡರು. ಬೀದಿಯಲ್ಲಿ ಕಳೆದುಹೋದದ್ದನ್ನು ಮತಪೆಟ್ಟಿಗೆ ತಂದುಕೊಟ್ಟಿತು.

ಪ್ರತಿ ಸಲವೂ ಹೀಗಾಗಲಿಲ್ಲ. 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. 1984ರಲ್ಲಿ ಸಾಮಂತರು ಲೋಕಸಭೆಗೆ ಗೆದ್ದರು, ಗಿರಣಿಗಳು ಮಾತ್ರ ಒಂದೊಂದಾಗಿ ಮುಚ್ಚಿದವು.

ಈ ಮಾತು ಮುಂಬಯಿಗೆ ಮಾತ್ರ ಸೀಮಿತವಲ್ಲ. ಬೆಂಗಳೂರಿನಲ್ಲಿ 1980ರ ಡಿಸೆಂಬರಿನಿಂದ 1981ರ ಮಾರ್ಚ್ ತನಕ ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ ಮುಂತಾದ ಕಾರ್ಖಾನೆಗಳ ಲಕ್ಷಕ್ಕೂ ಮಿಕ್ಕಿದ ನೌಕರರು 77 ದಿನ ಮುಷ್ಕರ ಹೂಡಿದ್ದರು. ಅಷ್ಟು ದೊಡ್ಡ ಸಂಘಟಿತ ಕಾರ್ಮಿಕ ವರ್ಗವಿದ್ದ ಇದೇ ನಗರದ ಬೆಂಗಳೂರು ಉತ್ತರದಲ್ಲಿ 1984ರಲ್ಲಿ ಸ್ಪರ್ಧಿಸಿದ ಫರ್ನಾಂಡಿಸ್, ಕಾಂಗ್ರೆಸ್ಸಿನ ಜಾಫರ್ ಷರೀಫರ ಎದುರು ಸೋತರು.

ಅವರ ಮುಂದಿನ ದಾರಿಯ ಬಗ್ಗೆ ಭಿನ್ನಾಭಿಪ್ರಾಯಗಳಿವೆ. 1998ರಲ್ಲಿ ವಾಜಪೇಯಿ ಸರಕಾರದ ರಕ್ಷಣಾ ಮಂತ್ರಿಯಾದಾಗ ಹಳೆಯ ಒಡನಾಡಿಗಳಲ್ಲಿ ಅನೇಕರಿಗೆ ನೋವಾಯಿತು. ಆದರೆ 1989–90ರಲ್ಲಿ ರೈಲ್ವೆ ಮಂತ್ರಿಯಾಗಿ ಅವರು ಹಟ ಹಿಡಿದು ಆರಂಭಿಸಿದ ಕೊಂಕಣ ರೈಲು 1998ರ ಜನವರಿ 26ರಿಂದ ಪೂರ್ಣ ಮಾರ್ಗದಲ್ಲಿ ಓಡತೊಡಗಿತು. ಕಿರಿಮಂಜೇಶ್ವರದ ಸಮೀಪದ ಬಿಜೂರು ನಿಲ್ದಾಣ ಆ ಹಾದಿಯಲ್ಲಿದೆ. 2019ರ ಜನವರಿ 29ರಂದು ಫರ್ನಾಂಡಿಸ್ ನಿಧನರಾದರು.

ನಿಮ್ಮ ಹೆಸರು ಯಾವ ಪಟ್ಟಿಯಲ್ಲಿ?

1967ರಲ್ಲಿ ಮತದಾನದ ವಯಸ್ಸು 21. ಸಂಘದ ಮೆರವಣಿಗೆಯಲ್ಲಿ ಘೋಷಣೆ ಕೂಗಬಹುದಾಗಿದ್ದ ಹದಿನೆಂಟರ ಮಾಣಿಗೆ ಮತವಿರಲಿಲ್ಲ. ಸಂವಿಧಾನದ 61ನೇ ತಿದ್ದುಪಡಿಯಿಂದ 1989ರಲ್ಲಿ ಆ ವಯಸ್ಸು 18ಕ್ಕೆ ಇಳಿಯಿತು. ಇಂದು 17 ತುಂಬಿದವರೂ ಮುಂಚಿತವಾಗಿ ಅರ್ಜಿ ಸಲ್ಲಿಸಬಹುದು. ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿ ಊರಿನ ಮನೆಯ ವಿಳಾಸದಲ್ಲಾಗಲಿ, ಹಾಸ್ಟೆಲಿನ ವಿಳಾಸದಲ್ಲಾಗಲಿ ಹೆಸರು ಸೇರಿಸಬಹುದು. ಆದರೆ ಒಂದೇ ಕಡೆ.

ಯಾವ ಕಡೆ ಎಂಬುದನ್ನು ಮನೆಯವರೆಲ್ಲ ಕುಳಿತು ಯೋಚಿಸುವುದು ಒಳ್ಳೆಯದು. ಊರಿನಲ್ಲಿ ಹೆಸರಿಟ್ಟುಕೊಂಡು ಮತದಾನದ ದಿನ ಬರಲಾಗದಿದ್ದರೆ ಎರಡೂ ಕಡೆ ಆತ ಲೆಕ್ಕಕ್ಕಿಲ್ಲ. ಬಾಡಿಗೆ, ಬಸ್ಸು, ನೀರಿನ ಕಷ್ಟ ನಗರದಲ್ಲಿ, ಮತ ಮಾತ್ರ ಊರಿನಲ್ಲಿ ಎಂದಾದರೆ ನಗರದ ಅಭ್ಯರ್ಥಿ ಅವನ ಬಾಗಿಲಿಗೆ ಏಕೆ ಬರಬೇಕು? ಪಟ್ಟಿಯಲ್ಲಿ ಹೆಸರಿದ್ದರೂ ಚುನಾವಣೆಯೇ ನಡೆಯದಿದ್ದರೆ ಫಲವಿಲ್ಲ ಎಂಬುದನ್ನೂ ಬೆಂಗಳೂರು ಕಂಡಿದೆ. 2020ರ ಸೆಪ್ಟೆಂಬರಿನಲ್ಲಿ ಅಲ್ಲಿನ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ಐದು ವರ್ಷ ಕಳೆದರೂ ಹೊಸ ಸದಸ್ಯರ ಆಯ್ಕೆಯಾಗಲಿಲ್ಲ. ಫರ್ನಾಂಡಿಸ್, ಮೃಣಾಲ್ ಗೋರೆ ಹತ್ತಿದ ಮೊದಲ ಮೆಟ್ಟಿಲು ಅಷ್ಟು ಕಾಲ ಆ ನಗರದ ಯುವಕರಿಗೆ ಇರಲೇ ಇಲ್ಲ.

ಸೂರಿಲ್ಲದವರಿಗಾಗಿಯೂ ಚುನಾವಣಾ ಆಯೋಗ ಒಂದು ನಿಯಮ ಮಾಡಿದೆ. ಅಂಥವರು ಅರ್ಜಿಯಲ್ಲಿ ತಿಳಿಸಿದ ಜಾಗಕ್ಕೆ ಮತಗಟ್ಟೆ ಅಧಿಕಾರಿ ರಾತ್ರಿ ಹೊತ್ತು ಹೋಗಿ, ಅವರು ಅಲ್ಲೇ ಮಲಗುತ್ತಾರೆಯೇ ಎಂದು ನೋಡಬೇಕು. ಮಲಗುವುದು ಖಚಿತವಾದರೆ ವಿಳಾಸಕ್ಕೆ ಬೇರೆ ದಾಖಲೆ ಬೇಕಿಲ್ಲ. ಇಂದು ಚೌಪಾಟಿಯ ಬೆಂಚಿನಲ್ಲಿ ಮಲಗಿದವನಿಗೂ ಆ ನಗರದ ಮತದಾರನಾಗುವ ದಾರಿಯಿದೆ. ಅರ್ಜಿ ಮಾತ್ರ ಅವನೇ ಕೊಡಬೇಕು.