ವಸಡಿನ ರೋಗದ ಅಪಾಯಕಾರಕಗಳು

ವಸಡಿನ ರೋಗವು ಹಲ್ಲನ್ನು ಹಿಡಿದಿಡುವ ವಸಡು, ತಂತು ಹಾಗೂ ದವಡೆಯ ಎಲುಬಿಗೆ ತಗಲುವ ಕಾಯಿಲೆ. ವಸಡು ಕೆಂಪಾಗಿ ಊದಿಕೊಂಡು, ಹಲ್ಲುಜ್ಜುವಾಗ ರಕ್ತ ಬರುವ ಮೊದಲ ಹಂತಕ್ಕೆ ಜಿಂಜಿವೈಟಿಸ್ ಎಂದು ಹೆಸರು, ಇದು ಗುಣವಾಗಬಲ್ಲದು. ಎಲುಬು ಸವೆದು ಹಲ್ಲು ಸಡಿಲಗೊಳ್ಳುವ ಮುಂದಿನ ಹಂತವೇ ಪೆರಿಯೊಡಾಂಟೈಟಿಸ್. ಸವೆದ ಎಲುಬು ತಾನಾಗಿ ಮರಳಿ ಬೆಳೆಯುವುದಿಲ್ಲ.

ಮೂಲ ಕಾರಣ

ಹಲ್ಲಿನ ಮೇಲೆ ಕಟ್ಟುವ ಬ್ಯಾಕ್ಟೀರಿಯಾಗಳ ಪಾಚಿಯೇ ರೋಗದ ಮೂಲ. 1965ರಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ ಆರೋಗ್ಯವಂತರಾದ 12 ಮಂದಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. ಮೂರು ವಾರಗಳೊಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಉಜ್ಜತೊಡಗಿದಾಗ ಮೊದಲಿನಂತಾಯಿತು.

ಹಾಗಾದರೆ ಪಾಚಿ ಇದ್ದವರೆಲ್ಲರೂ ಹಲ್ಲು ಕಳೆದುಕೊಳ್ಳುತ್ತಾರೆಯೇ? ಇದಕ್ಕೆ ಉತ್ತರ ದೊರೆತದ್ದು ಶ್ರೀಲಂಕಾದ ಚಹಾ ತೋಟಗಳಲ್ಲಿ. 1970ರಿಂದ 15 ವರ್ಷ ನಡೆದ ಅಧ್ಯಯನದಲ್ಲಿ, ಹಲ್ಲುಜ್ಜುವ ರೂಢಿಯೇ ಇಲ್ಲದ 480 ಮಂದಿ ಕಾರ್ಮಿಕರನ್ನು ಪರೀಕ್ಷಿಸಲಾಯಿತು. ಎಲ್ಲರ ಹಲ್ಲಿನಲ್ಲೂ ಪಾಚಿ ದಟ್ಟವಾಗಿತ್ತು. ಆದರೂ ಸುಮಾರು ಶೇ. 8ರಷ್ಟು ಜನರಲ್ಲಿ ಮಾತ್ರ ರೋಗವು ಶೀಘ್ರವಾಗಿ ಬೆಳೆಯಿತು, ಶೇ. 81ರಷ್ಟು ಮಂದಿಯಲ್ಲಿ ಮಧ್ಯಮ ಗತಿಯಲ್ಲಿ ಸಾಗಿತು; ಶೇ. 11ರಷ್ಟು ಜನರಲ್ಲಿ ಜಿಂಜಿವೈಟಿಸ್ ಹಂತವನ್ನು ದಾಟಲೇ ಇಲ್ಲ. ಪಾಚಿ ರೋಗವನ್ನು ಹುಟ್ಟಿಸುತ್ತದೆ. ಅದು ಎಷ್ಟು ವೇಗವಾಗಿ, ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ದೇಹದ ಪ್ರತಿರೋಧವನ್ನೂ ಅವಲಂಬಿಸಿದೆ. ಆ ಪ್ರತಿರೋಧದಲ್ಲಿ ಆನುವಂಶಿಕತೆಯ ಪಾಲೂ ಇದೆ.

ತಂಬಾಕು ಮತ್ತು ಮಧುಮೇಹ

ತಡೆಯಬಹುದಾದ ಕಾರಣಗಳಲ್ಲಿ ತಂಬಾಕು ಮುಖ್ಯವಾದುದು. ಧೂಮಪಾನವು ರೋಗನಿರೋಧಕ ಕಣಗಳ ಕೆಲಸವನ್ನು ಕೆಡಿಸುತ್ತದೆ, ಗಾಯ ಮಾಯುವುದನ್ನು ತಡೆಯುತ್ತದೆ. ಇದರಲ್ಲೊಂದು ಮೋಸವೂ ಇದೆ: ಧೂಮಪಾನಿಗಳ ವಸಡಿನಲ್ಲಿ ರಕ್ತಸ್ರಾವ ಕಡಿಮೆ. ಹೀಗಾಗಿ ಒಳಗೆ ಎಲುಬು ಸವೆಯುತ್ತಿದ್ದರೂ ಹೊರಗೆ ಎಚ್ಚರಿಕೆಯ ಗುರುತು ಕಾಣುವುದಿಲ್ಲ. ನಮ್ಮಲ್ಲಿ ಎಲೆಅಡಿಕೆಯೊಡನೆ ಹೊಗೆಸೊಪ್ಪನ್ನು ದವಡೆಯಲ್ಲಿ ಒತ್ತಿಡುವ ಅಭ್ಯಾಸವುಂಟು. ಹಾಗೆ ಇಡುವ ಜಾಗದಲ್ಲಿ ವಸಡು ಕೆಳಸರಿದು ಹಲ್ಲಿನ ಬೇರು ಬಯಲಾಗುತ್ತದೆ. ಹೊಗೆಸೊಪ್ಪಿನಿಂದ ಹಲ್ಲು ಗಟ್ಟಿಯಾಗುತ್ತದೆಂಬ ಹಳಬರ ಮಾತಿಗೆ ಆಧಾರವಿಲ್ಲ.

ಮಧುಮೇಹ ಹತೋಟಿಯಲ್ಲಿಲ್ಲದವರಿಗೆ ವಸಡಿನ ರೋಗದ ಸಂಭವ ಹೆಚ್ಚು. ಈ ನಂಟು ಎರಡೂ ಕಡೆಯಿಂದ ಇದೆ: ವಸಡಿನ ತೀವ್ರ ಉರಿಯೂತವು ರಕ್ತದ ಸಕ್ಕರೆಯ ನಿಯಂತ್ರಣವನ್ನು ಕಷ್ಟಗೊಳಿಸುತ್ತದೆ. 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ, ದಿನಕ್ಕೆ 10 ಅಥವಾ ಹೆಚ್ಚು ಸಿಗರೇಟು ಸೇದುವವರನ್ನೂ, ಎಚ್‌ಬಿಎ1ಸಿ ಶೇ. 7 ಅಥವಾ ಅದಕ್ಕಿಂತ ಹೆಚ್ಚಿರುವ ಮಧುಮೇಹಿಗಳನ್ನೂ ರೋಗವು ಶೀಘ್ರವಾಗಿ ಬೆಳೆಯಬಹುದಾದ ದರ್ಜೆಗೆ ಸೇರಿಸಲಾಗಿದೆ.

ಇತರ ಕಾರಣಗಳು

ಗರ್ಭಿಣಿಯರಲ್ಲಿ ಹಾರ್ಮೋನುಗಳ ಏರಿಕೆಯಿಂದ ವಸಡು ಅಲ್ಪ ಪಾಚಿಗೂ ಊದಿಕೊಳ್ಳುತ್ತದೆ. ಹೆರಿಗೆಯ ನಂತರ ಸಾಮಾನ್ಯವಾಗಿ ಇಳಿಯುತ್ತದೆ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ರಕ್ತದೊತ್ತಡಕ್ಕೆ ಕೊಡುವ ನಿಫೆಡಿಪಿನ್, ಅಂಗಾಂಗ ಕಸಿಯಾದವರಿಗೆ ಕೊಡುವ ಸೈಕ್ಲೋಸ್ಪೋರಿನ್ ಔಷಧಗಳಿಂದ ಕೆಲವರಲ್ಲಿ ವಸಡು ಮಿತಿಮೀರಿ ಬೆಳೆದು, ಅದರ ಸಂದುಗಳಲ್ಲಿ ಪಾಚಿ ಸೇರಿಕೊಳ್ಳುತ್ತದೆ. ಹಾಗೆಂದು ಔಷಧವನ್ನು ತಾವಾಗಿ ನಿಲ್ಲಿಸಬಾರದು. ವೈದ್ಯರು ಬದಲಿ ಔಷಧ ಸೂಚಿಸಬಲ್ಲರು. ಬಾಯಿ ಒಣಗುವುದು, ಓರೆಕೋರೆ ಹಲ್ಲು, ಸರಿಯಾಗಿ ಕೂರದ ಕೃತಕ ಹಲ್ಲು ಇವೂ ಪಾಚಿ ಕಟ್ಟಲು ಅನುಕೂಲವಾಗುತ್ತವೆ.

ವಯಸ್ಸಾದಂತೆ ರೋಗ ಹೆಚ್ಚಾಗಿ ಕಾಣುವುದು ನಿಜ. ಆದರೆ ಅದು ಬಹುಮಟ್ಟಿಗೆ ವರ್ಷಗಟ್ಟಲೆ ಕೂಡಿಬಂದ ಹಾನಿ. ಮುಪ್ಪಿನಲ್ಲಿ ಹಲ್ಲು ಉದುರಲೇಬೇಕೆಂಬ ನಿಯಮವೇನೂ ಇಲ್ಲ.