ಒಂದು ಯುದ್ಧಕ್ಕೆ ಎರಡು ಪುಸ್ತಕ

ಯುದ್ಧದ ಇತಿಹಾಸ ಓದುವ ಗೆಳೆಯರಿಗೆ ಪುಸ್ತಕ ಸೂಚಿಸುವಾಗ ಒಂದನ್ನೇ ಹೇಳಬೇಡಿ, ಜೋಡಿಯಾಗಿ ಹೇಳಿ. 1962ರ ಚೀನಾ ಯುದ್ಧವನ್ನೇ ತಗೊಳ್ಳಿ. ಬ್ರಿಗೇಡಿಯರ್ ಜಾನ್ ದಳವಿಯವರ 'ಹಿಮಾಲಯನ್ ಬ್ಲಂಡರ್' ಅನ್ನು ರವಿ ಬೆಳಗೆರೆಯವರ ಅನುವಾದದಲ್ಲಿ ಬಹಳಷ್ಟು ಕನ್ನಡಿಗರು ಓದಿದ್ದಾರೆ. ಮೈ ಕೊರೆಯುವ ಚಳಿಯಲ್ಲಿ ಹತ್ತಿಯ ಸಮವಸ್ತ್ರ ತೊಟ್ಟು, ಎದುರಿನ ಥಗ್ಲಾ ಬೆಟ್ಟದ ಏಣಿನಿಂದ ಚೀನೀಯರು ನೋಡುತ್ತಿರುವಾಗಲೇ ನಮ್ಕಾ ಚು ಹೊಳೆಯ ದಂಡೆ ಕಾದ ಜವಾನರನ್ನು ಇಷ್ಟು ಹತ್ತಿರದಿಂದ ತೋರಿಸುವ ಪುಸ್ತಕ ಇನ್ನೊಂದು ಸಿಗುವುದು ಕಷ್ಟ. ಆದರೆ ದಳವಿ ಸೋತ ಬ್ರಿಗೇಡನ್ನು ನಡೆಸಿದವರು, ಶತ್ರುವಿಗೆ ಸೆರೆಸಿಕ್ಕವರು. ಆ ನೋವು, ಆ ಸಿಟ್ಟು ಪುಸ್ತಕದ ಉದ್ದಕ್ಕೂ ಇವೆ.

ಅದಕ್ಕೇ ಪಕ್ಕದಲ್ಲಿ ನೆವಿಲ್ ಮ್ಯಾಕ್ಸ್‌ವೆಲ್ ಅವರ 'ಇಂಡಿಯಾಸ್ ಚೈನಾ ವಾರ್' ಇರಲಿ. ಆತ ಚೀನಾ ಪರ ಎಂಬ ಆಕ್ಷೇಪ ಬಂದೇ ಬರುತ್ತದೆ. ಅದರಲ್ಲಿ ಹುರುಳಿದೆ, ಚೀನಾದ ವಾದವನ್ನು ಅವರು ಸಲೀಸಾಗಿ ನಂಬುತ್ತಾರೆ. ಆದರೂ ಸೋಲಿನ ಕಾರಣ ಹುಡುಕಿದ ಹೆಂಡರ್ಸನ್ ಬ್ರೂಕ್ಸ್ ರಹಸ್ಯ ವರದಿ ಅವರಿಗೆ ಸಿಕ್ಕಿತ್ತು. ಗಡಿಯಲ್ಲಿ ಮುಂಚೂಣಿ ಠಾಣೆಗಳನ್ನು ಹಾಕುವ ನಿರ್ಧಾರ ದೆಹಲಿಯಲ್ಲಿ ಹೇಗೆ ಬೆಳೆಯಿತು ಎಂಬುದನ್ನು ಅವರು ಎಳೆಎಳೆಯಾಗಿ ಬಿಡಿಸಿದ್ದಾರೆ. ಹೊಸಬರಿಗೆ ಎರಡು ದಪ್ಪ ಪುಸ್ತಕ ಭಾರವಾಯಿತು ಅನ್ನುವುದಾದರೆ, 1962ರ ಸೆಪ್ಟೆಂಬರ್‌ನಿಂದ ಅಕ್ಟೋಬರ್ 20ರ ದಾಳಿಯವರೆಗಿನ ಪುಟಗಳನ್ನಷ್ಟೇ ಎರಡರಲ್ಲೂ ಮೊದಲು ಓದಲಿ.