ಭಾರ ಬಿದ್ದ ಮೇಲೆಯೇ ಬಿಗಿ: ಅಂಬಾಸಡರ್ ಹಿಂಬದಿಯ ಕಮಾನು ಪಟ್ಟಿಗಳ ಕೆಲಸ

ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ತಯಾರಿಸಿದ ಅಂಬಾಸಡರ್, ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಸರಣಿಯಿಂದ ಹುಟ್ಟಿದ್ದು, ಹಿಂಬದಿಯಲ್ಲಿ ಎತ್ತಿನ ಗಾಡಿಯ ಕಾಲದಷ್ಟೇ ಸರಳವಾಗಿ ಕಾಣುವ ಒಂದು ವ್ಯವಸ್ಥೆಯನ್ನು ಕೊನೆಯವರೆಗೂ ಉಳಿಸಿಕೊಂಡಿತು. ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಆಕ್ಸಲ್, ಅದನ್ನು ಹೊತ್ತ ಎರಡು ಕಮಾನು ಸ್ಪ್ರಿಂಗುಗಳು, ಕುಲುಕನ್ನು ತಡೆಯುವ ಎರಡು ಶಾಕ್ ಅಬ್ಸಾರ್ಬರ್‌ಗಳು, ಇಷ್ಟೇ ಅದರ ಅಂಗಗಳು. ಹುಳಿಯಾರು ಪಕ್ಕದ ಕೆಂಕೆರೆಯಂಥ ತೆಂಗಿನ ಸೀಮೆಯ ಊರುಗಳಿಂದ ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಕಡೆಗೆ ಸಾಗುವ ದಾರಿಗಳಿಗೆ ಈ ಸರಳತೆ ಒಗ್ಗಿತ್ತು. ಕಮಾನಿನ ಪಟ್ಟಿ ಮುರಿದರೆ ತಿಪಟೂರಿನ ಬಿ.ಎಚ್. ರಸ್ತೆಯ ಲಾರಿ ರಿಪೇರಿಯವರ ಕೈಯಲ್ಲೇ ಅದು ಸರಿಯಾಗುತ್ತಿತ್ತು.

ಇಂದು ಅದೇ ಕಾರುಗಳು ಪುನರುಜ್ಜೀವನದ ವಸ್ತುಗಳಾಗಿವೆ. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯು, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ವಾಣಿಜ್ಯ ಬಳಕೆಯಲ್ಲಿಲ್ಲದ ವಾಹನಗಳನ್ನು ವಿಂಟೇಜ್ ಎಂದು ಗುರುತಿಸಿ, ಚಾಸಿ, ಬಾಡಿ, ಎಂಜಿನ್‌ಗಳು ಮೂಲ ರೂಪದಲ್ಲಿರಬೇಕೆಂದು ವಿಧಿಸಿದೆ. ಹೀಗಾಗಿ ಹಳೆಯ ಕಮಾನುಗಳನ್ನು ಕಿತ್ತೆಸೆದು ಬೇರೆ ಕಾರಿನ ಕಾಯಿಲ್ ಸ್ಪ್ರಿಂಗ್ ಕೂರಿಸುವ ದಾರಿಗಿಂತ, ಇದ್ದುದನ್ನೇ ಸರಿಯಾಗಿ ಕಟ್ಟುವ ದಾರಿ ಎಲ್ಲ ರೀತಿಯಿಂದಲೂ ಮೇಲು.

ಕಮಾನು ಸ್ಪ್ರಿಂಗ್ ಎಂದರೆ ಒಂದರ ಕೆಳಗೊಂದು ಕುಗ್ಗುತ್ತ ಹೋಗುವ ಉಕ್ಕಿನ ಪಟ್ಟಿಗಳ ಕಟ್ಟು. ಎಲ್ಲಕ್ಕಿಂತ ಉದ್ದವಾದ ಮುಖ್ಯ ಪಟ್ಟಿಯ ಎರಡು ತುದಿಗಳೂ ಸುರುಳಿಯಾಗಿ ಬಾಗಿ ‘ಕಣ್ಣು’ಗಳಾಗಿರುತ್ತವೆ. ಮುಂದಿನ ಕಣ್ಣು ಕಾರಿನ ತಳಕ್ಕೆ ನೇರವಾಗಿ ಬೋಲ್ಟಾಗುತ್ತದೆ. ಹಿಂದಿನ ಕಣ್ಣು ಶ್ಯಾಕಲ್ ಎಂಬ ತೂಗಾಡುವ ಜೋಡು ತುಂಡಿನ ಮೂಲಕ ಸೇರುತ್ತದೆ, ಏಕೆಂದರೆ ಭಾರ ಬಿದ್ದು ಕಮಾನು ಚಪ್ಪಟೆಯಾದಾಗ ಅದರ ಉದ್ದ ಹೆಚ್ಚುತ್ತದೆ ಮತ್ತು ಆ ಹೆಚ್ಚಳಕ್ಕೆ ಜಾಗ ಬೇಕಾಗುತ್ತದೆ. ಪಟ್ಟಿಗಳನ್ನು ನಡುವೆ ಹಿಡಿದಿಡುವ ಸೆಂಟರ್ ಬೋಲ್ಟಿನ ತಲೆಯು ಆಕ್ಸಲ್‌ನ ಪೀಠದ ರಂಧ್ರದಲ್ಲಿ ಕೂತು ಆಕ್ಸಲ್ಲನ್ನು ಸ್ಥಳದಲ್ಲಿ ನಿಲ್ಲಿಸುತ್ತದೆ, ಯು ಬೋಲ್ಟುಗಳು ಇಡೀ ಕಟ್ಟನ್ನು ಬಿಗಿಯುತ್ತವೆ.

ಎಲ್ಲವನ್ನೂ ಹೊಸದಾಗಿ ಜೋಡಿಸಿದ ಮೇಲೂ ಕಾರು ಹಿಂಬದಿಯಲ್ಲಿ ಎತ್ತರವಾಗಿ ನಿಂತು, ಗಡುಸಾಗಿ ಓಡಿದರೆ ಹೊಸ ಸ್ಪ್ರಿಂಗಿನ ಕಮಾನೇ ಹೆಚ್ಚಾಗಿದೆ ಎಂದು ತೀರ್ಮಾನಿಸುವುದು ಸಾಮಾನ್ಯ. ಅದು ನಿಜವಿರಬಹುದಾದರೂ, ಮೊದಲು ಸಂಶಯಿಸಬೇಕಾದುದು ಬಿಗಿ ಮಾಡಿದ ಹೊತ್ತನ್ನು. ಕಣ್ಣಿನೊಳಗಿನ ರಬ್ಬರ್ ಬುಷ್ ತಿರುಗಿ ಜಾರುವುದಕ್ಕಿಂತ ತಿರುಚಿಕೊಂಡು ಕೆಲಸ ಮಾಡುತ್ತದೆ. ಕಾರನ್ನು ಸ್ಟ್ಯಾಂಡಿನ ಮೇಲಿಟ್ಟು, ಆಕ್ಸಲ್ ನೇತಾಡುತ್ತಿರುವಾಗಲೇ ಕಣ್ಣುಗಳ ಬೋಲ್ಟುಗಳನ್ನು ಪೂರ್ತಿ ಬಿಗಿದರೆ, ಚಕ್ರಗಳು ನೆಲ ಮುಟ್ಟಿದ ಕ್ಷಣದಿಂದ ಆ ರಬ್ಬರ್ ಸದಾ ತಿರುಚಿದ ಸ್ಥಿತಿಯಲ್ಲೇ ಉಳಿದು, ಕಾರನ್ನು ಮೇಲಕ್ಕೆ ನೂಕುತ್ತದೆ ಮತ್ತು ಬೇಗ ಹರಿಯುತ್ತದೆ. ಬೋಲ್ಟುಗಳನ್ನು ಸಡಿಲವಾಗಿ ಕೂರಿಸಿ, ಕಾರನ್ನು ಚಕ್ರಗಳ ಮೇಲಿಳಿಸಿ, ಹಿಂಬದಿಯನ್ನು ಕೆಲವು ಬಾರಿ ಒತ್ತಿ ಬಿಟ್ಟು, ಸಹಜ ಎತ್ತರಕ್ಕೆ ಬಂದ ಮೇಲೆ ಬಿಗಿಯುವುದೇ ಕ್ರಮ. ಈ ಕಸುಬಿನಲ್ಲಿ ಇದಕ್ಕಿಂತ ಮುಖ್ಯವಾದ ಮಾತು ಮತ್ತೊಂದಿಲ್ಲ.

ಕಾರು ಒಂದು ಬದಿಗೆ ವಾಲಿದರೆ ಪತ್ತೆ ಇನ್ನಷ್ಟು ಸೂಕ್ಷ್ಮ. ಬಾಡಿಗೆ ಕಾರುಗಳಿಗೆ ಹೆಚ್ಚು ಭಾರ ಹೊರಲೆಂದು ಪಟ್ಟಿ ಸೇರಿಸುವ ವಾಡಿಕೆಯಿದ್ದುದರಿಂದ, ಎಡಬಲಗಳ ಪಟ್ಟಿಗಳ ಸಂಖ್ಯೆ ಮತ್ತು ದಪ್ಪವನ್ನು ಮೊದಲು ಹೋಲಿಸಬೇಕು. ಆದರೆ ಅಂಬಾಸಡರ್ ಮುಂಭಾಗದಲ್ಲಿ ತಿರುಚುವಿಕೆಯಿಂದ ಭಾರ ಹೊರುವ ಟಾರ್ಶನ್ ಬಾರ್ ಎಂಬ ಉಕ್ಕಿನ ಸರಳುಗಳಿವೆ. ಅವುಗಳಲ್ಲೊಂದು ಸೋತರೂ ವಾಲಿಕೆ ಹಿಂದೆಯೇ ಕಾಣಿಸಿಕೊಳ್ಳಬಲ್ಲದು. ಮುಂಭಾಗವನ್ನು ನಡುಮಧ್ಯದಲ್ಲಿ ಒಂದೇ ಜಾಕಿಯಿಂದ ಎತ್ತಿದಾಗ ಹಿಂಬದಿ ಸಮವಾದರೆ ದೋಷ ಮುಂದಿನದು, ವಾಲಿಕೆ ಉಳಿದರೆ ಹಿಂದಿನದು. ಆಗ ಎರಡು ಸ್ಪ್ರಿಂಗುಗಳನ್ನು ಅದಲುಬದಲು ಮಾಡಿ ನೋಡಿದರೆ, ವಾಲಿಕೆ ಸ್ಪ್ರಿಂಗಿನ ಜೊತೆ ಸ್ಥಳ ಬದಲಿಸುತ್ತದೆಯೋ ಇಲ್ಲವೋ ಎಂಬುದರಿಂದ ಚಾಸಿಯ ದೋಷವೂ ಬೇರ್ಪಡುತ್ತದೆ.

ಕಾರು ಅಡ್ಡ ಹಾಯುತ್ತ ಓಡುವುದು ಸೆಂಟರ್ ಬೋಲ್ಟ್ ಮುರಿದು ಆಕ್ಸಲ್ ಸರಿದಿರುವುದರ ಲಕ್ಷಣವಾಗಿದ್ದು, ಮುಂದಿನ ಕಣ್ಣಿನಿಂದ ಆಕ್ಸಲ್‌ವರೆಗಿನ ದೂರವನ್ನು ಎರಡೂ ಕಡೆ ಅಳೆದರೆ ಗೊತ್ತಾಗುತ್ತದೆ. ಗುಂಡಿಗಳಲ್ಲಿ ಕಟಕಟ ಸದ್ದು ಬಂದರೆ ಯು ಬೋಲ್ಟ್, ಬುಷ್ ಮತ್ತು ಶಾಕ್ ಅಬ್ಸಾರ್ಬರ್‌ಗಳ ಜೋಡಣೆಯನ್ನು ನೋಡಬೇಕು. ಪಟ್ಟಿಗಳು ಒಂದಕ್ಕೊಂದು ಹೊಂದಿಕೊಂಡಂತೆ ಬಿಗಿ ಸಡಿಲವಾಗುವುದರಿಂದ ಕೆಲವು ದಿನ ಓಡಿದ ಮೇಲೆ ಯು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯುವುದು ಕಡ್ಡಾಯ.

ಮದ್ರಾಸಿನಲ್ಲಿ 1960ರ ದಶಕದಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್‌ನಲ್ಲಿ ಮಾತ್ರ ಈ ಲೆಕ್ಕ ಬೇರೆ. ಅದರಲ್ಲಿ, ಹಿಂಚಕ್ರಗಳಿಗೆ ಎಂಜಿನ್ನಿನ ಬಲ ಹಂಚುವ ಡಿಫರೆನ್ಷಿಯಲ್ ಮೇಲೆ ಅಡ್ಡಲಾಗಿ ಕೂತ ಒಂದೇ ಕಮಾನು ಎರಡೂ ಚಕ್ರಗಳನ್ನು ಹೊರುತ್ತದೆ, ಮತ್ತು ಪ್ರತಿ ಚಕ್ರವೂ ಪ್ರತ್ಯೇಕವಾಗಿ ಮೇಲೆ ಕೆಳಗೆ ಆಡುತ್ತದೆ. ಜಾಕಿಯಿಂದ ಎತ್ತಿದಾಗ ಚಕ್ರಗಳ ಕೆಳಭಾಗ ಒಳಕ್ಕೆ ಮಡಚಿಕೊಳ್ಳುತ್ತದೆ. ಇಳಿಸಿದ ಕೂಡಲೇ ಅವು ಪೂರ್ತಿ ನೆಟ್ಟಗಾಗದಿರುವುದನ್ನು ಜೋಡಣೆಯ ತಪ್ಪೆಂದು ಭಾವಿಸಿ ಬಿಚ್ಚುವ ಬದಲು, ಸ್ವಲ್ಪ ದೂರ ಓಡಿಸಿ, ಟೈರುಗಳು ಬದಿಗೆ ಸರಿದು ಕೂತ ಮೇಲೆ ಅಳತೆ ತೆಗೆಯಬೇಕು.